ಸಿಸ್ಟರಮ್ಮನ ಎರಡನೇ ಪ್ರಶ್ನೆ

ನಮ್ಮ ಕಡೆ ಯಾರು ಯಾರನ್ನು ಕಂಡರೂ ಮೊದಲು ಕೇಳುವುದು ಊಟ ಆಯ್ತಾ ಅಂತ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಹೇಳುವವರೂ ಯೋಚಿಸಿ ಹೇಳುವುದಿಲ್ಲ. ಆಯ್ತು, ನಿಮ್ದು ಆಯ್ತಾ, ಹೂಂ ಆಯ್ತು. ಅಲ್ಲಿಗೆ ಮುಗಿಯಿತು. ಬೆಳಗ್ಗೆಯಿಂದ ಒಂದು ತುತ್ತು ಕಾಣದವನೂ ಆಯ್ತು ಎಂದೇ ಹೇಳುತ್ತಾನೆ. ಇಲ್ಲ ಅಂದರೆ ಕೇಳಿದವರು ಬನ್ನಿ ಊಟಕ್ಕೆ ಅನ್ನಬೇಕಾಗುತ್ತದೆ, ಅವರಿಗೆ ಸುಮ್ಮನೆ ಯಾಕೆ ತೊಂದರೆ ಎಂಬ ಸಂಕೋಚ.

ನನ್ನ ಅಮ್ಮ ಅದನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಅವಳ ಹತ್ತಿರ ಎರಡನೇ ಪ್ರಶ್ನೆಯೊಂದು ಇತ್ತು. “ಏನ್ ಸಾರು?”

ಉಂಡವರು ತಕ್ಷಣ ಹೇಳುತ್ತಾರೆ. ಬೇಳೆ ಸಾರು, ಸೊಪ್ಪಿನ ಸಾರು, ನಿನ್ನೇದೇ ಇತ್ತು ಬಿಸಿ ಮಾಡ್ಕೊಂಡ್ವಿ. ಉಣ್ಣದವರು ಒಂದು ಕ್ಷಣ ತಡೆಯುತ್ತಾರೆ. ಆ ಒಂದು ಕ್ಷಣ ಅಮ್ಮನಿಗೆ ಸಾಕಾಗಿತ್ತು. ನಲವತ್ತು ವರ್ಷ ಅವಳು ಈ ಪ್ರಶ್ನೆಯಿಂದ ಹಸಿದವರನ್ನು ಹಿಡಿದಳು. ಅದೇ ಪ್ರಶ್ನೆಯ ಹಿಂದೆ ನಿಂತು ನಾಲ್ಕು ತಿಂಗಳು ನನ್ನ ಕಣ್ಣಿಗೆ ಮಣ್ಣೆರಚಿದಳು. ನಾನು ಬರೆಯಲು ಕೂತಿರುವುದು ಅದರ ಬಗ್ಗೆಯೇ. ಅವಳ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಬೆರಗು ಅದಕ್ಕಿಂತ ದೊಡ್ಡದಾಗಿದೆ, ಏನು ಮಾಡಲಿ.

ಅಮ್ಮ ನರ್ಸ್. ಮಾಗಡಿ ರಸ್ತೆಯಲ್ಲಿ ಬಸ್ಸು ಹಿಡಿದು ಎರಡು ಗಂಟೆ ಹೋದರೆ ಸಿಗುವ ಒಂದು ಸಣ್ಣ ಪೇಟೆಯಲ್ಲಿ ಹುಟ್ಟಿ ಬೆಳೆದು, ಅಲ್ಲಿನ ಆಸ್ಪತ್ರೆಯಲ್ಲೇ ಕೆಲಸ ಕಲಿತು, ಮದುವೆಯಾದ ಮೇಲೆ ಮೂಡಲಪಾಳ್ಯಕ್ಕೆ ಬಂದವಳು. ವಿಜಯನಗರದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ವಯಸ್ಸಾಗುವವರೆಗೂ ದುಡಿದಳು. ಬೆಂಗಳೂರಿಗೆ ಬಂದವರು ಒಂದೆರಡು ವರ್ಷದಲ್ಲಿ ಪಕ್ಕದ ಮನೆಯವರ ಮುಖ ನೋಡುವುದನ್ನು ಬಿಡುತ್ತಾರೆ. ಅಮ್ಮ ಬರುವಾಗ ತನ್ನ ಪೇಟೆಯನ್ನೂ ಹೊತ್ತು ತಂದಿದ್ದಳು ಅನ್ನಿಸುತ್ತದೆ. ಬೀದಿಯ ಈ ತುದಿಯಿಂದ ಆ ತುದಿಗೆ ಯಾರ ಮನೆಯಲ್ಲಿ ಯಾರಿಗೆ ಶುಗರ್, ಯಾರಿಗೆ ಬಿಪಿ, ಯಾರ ಸೊಸೆಗೆ ಎಷ್ಟು ತಿಂಗಳು, ಎಲ್ಲ ಅವಳಿಗೆ ಬಾಯಿಪಾಠ. ಎಲ್ಲರಿಗೂ ಅವಳು ಸಿಸ್ಟರಮ್ಮ. ಅರ್ಧ ಅಕ್ಕ, ಅರ್ಧ ಅಮ್ಮ. ನನಗೆ ಮಾತ್ರ ಬರೀ ಅಮ್ಮ. ಹಾಗಾಗಿ ಬೀದಿಯವರಿಗೆ ಸಿಕ್ಕಿದ್ದರಲ್ಲಿ ನನಗೆ ಸಿಕ್ಕಿದ್ದು ಅರ್ಧ ಮಾತ್ರ ಎಂದು ಚಿಕ್ಕವಳಿದ್ದಾಗ ನಾನು ಗಟ್ಟಿಯಾಗಿ ನಂಬಿದ್ದೆ.

ಡ್ಯೂಟಿಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ನಮ್ಮ ಮನೆಯ ಮೆಟ್ಟಿಲ ಮೇಲೆ ಇಬ್ಬರು ಮೂವರು ಕೂತಿರುತ್ತಿದ್ದರು. ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಹಿಡಿದು ಬಂದವರು, ಗಾಯಕ್ಕೆ ಡ್ರೆಸ್ಸಿಂಗ್ ಬದಲಾಯಿಸಿಕೊಳ್ಳುವವರು. ನಡುಮನೆಯಲ್ಲಿ ಸ್ಪಿರಿಟ್ಟಿನ ವಾಸನೆ, ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ. ಈ ಎರಡು ಸೇರಿದ ವಾಸನೆಯೇ ನನಗೆ ಮನೆ ಅನ್ನುವುದರ ವಾಸನೆ. ಇವತ್ತಿಗೂ ಯಾವುದಾದರೂ ಕ್ಲಿನಿಕ್ಕಿಗೆ ಹೋದರೆ, ಎಲ್ಲರಿಗೂ ಭಯವಾಗುವ ಹೊತ್ತಿನಲ್ಲಿ ನನಗೆ ಹಸಿವಾಗುತ್ತದೆ.

ಇಂಜೆಕ್ಷನ್ ಕೊಡುವಾಗಲೂ ಅವಳು ಅದೇ ಪ್ರಶ್ನೆ ಕೇಳುತ್ತಿದ್ದಳು. ತೋಳಿಗೆ ಹತ್ತಿ ಉಜ್ಜುತ್ತಾ, “ಊಟ ಆಯ್ತಾ?”

“ಆಯ್ತು ಸಿಸ್ಟರಮ್ಮ.”

“ಏನ್ ಸಾರು?”

“ಅದೂ… ಹುಳಿ ಸಾರು,” ಅನ್ನುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಮನುಷ್ಯನಿಗೆ ಸಾರು ನೆನಪು ಮಾಡಿಕೊಳ್ಳುವುದು ಮತ್ತು ಸೂಜಿಗೆ ಹೆದರುವುದು ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಮೀಸೆ ಬಿಟ್ಟ ಗಂಡಸರು ಇದಕ್ಕೆ ಬೇಗ ಬೀಳುತ್ತಿದ್ದರಂತೆ.

ಸಾರಿನ ಹೆಸರು ಬಾರದೆ ಸುಮ್ಮನಾದವರಿಗೆ ಅವಳು ಬೇರೆಯೇ ಒಂದು ಮಾತು ಇಟ್ಟುಕೊಂಡಿದ್ದಳು. ಅಯ್ಯೋ ಪಾಪ ಊಟ ಮಾಡಿಲ್ವಾ ಎಂದು ಯಾವತ್ತೂ ಅಂದವಳಲ್ಲ. ಗಂಟು ಮುಖ ಹಾಕಿಕೊಂಡು, ಗೂಡಿನಿಂದ ಅರಿಶಿನ ಬಣ್ಣದ ಒಂದು ಮಾತ್ರೆ ತೆಗೆದು ಅಂಗೈಗೆ ಹಾಕುತ್ತಿದ್ದಳು. “ಇದು ಸ್ವಲ್ಪ ಪವರ್ ಇರೋ ಮಾತ್ರೆ. ಬರೀ ಹೊಟ್ಟೆಗೆ ಹಾಕೋ ಹಾಗಿಲ್ಲ. ಮಾತ್ರೆಗೋಸ್ಕರ ಎರಡು ತುತ್ತು ತಿಂದ್ಬಿಡಿ, ಕೂತ್ಕೊಳ್ಳಿ.” ಹೀಗೆ ಹೇಳಿ ಒಳಗೆ ಹೋದರೆ ತಟ್ಟೆಯಲ್ಲಿ ಮುದ್ದೆ, ಸಾರು, ಪಕ್ಕದಲ್ಲಿ ಒಂದು ಈರುಳ್ಳಿ. ಎರಡು ತುತ್ತು ಹೋಗಿ ಎರಡು ಮುದ್ದೆ ಆಗುತ್ತಿತ್ತು. ಉಣ್ಣುವವರು ತಲೆ ತಗ್ಗಿಸಬೇಕಾಗಿರಲಿಲ್ಲ. ಅವರು ಉಣ್ಣುತ್ತಿದ್ದದ್ದು ಮಾತ್ರೆಗೋಸ್ಕರ.

ಆ ಮಾತ್ರೆ ಯಾವುದು ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಮೂಟೆ ಹೊರುವ ಒಬ್ಬ ಹಿರಿಯರು ಬಂದು, “ಸಿಸ್ಟರಮ್ಮ, ನಿಮ್ ಮಾತ್ರೆ ತಗೊಂಡಾಗಿಂದ ನೀರು ಹಳದಿ ಹೋಗ್ತಾ ಇದೆ, ಏನೂ ತೊಂದ್ರೆ ಇಲ್ವಾ?” ಅಂತ ಹೆದರಿ ಕೇಳಿದರು. ಅಮ್ಮ, “ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ,” ಎಂದು ಕಳಿಸಿದಳು. ನಾನು ಗೂಡಿನಲ್ಲಿದ್ದ ಆ ಮಾತ್ರೆಯ ಪಟ್ಟಿ ತೆಗೆದು ಅದರ ಹಿಂದೆ ಬರೆದದ್ದನ್ನು ಓದಿದೆ. ಬಿ ಕಾಂಪ್ಲೆಕ್ಸ್. ಶಕ್ತಿಗೆಂದು ಯಾರು ಬೇಕಾದರೂ ನುಂಗುವ ಮಾತ್ರೆ, ಬರೀ ಹೊಟ್ಟೆಗೆ ಹಾಕಿಕೊಂಡರೂ ಏನೂ ಆಗದು.

“ಇಷ್ಟು ವರ್ಷ ಸುಳ್ಳು ಹೇಳಿದೀಯ,” ಅಂದೆ.

“ಯಾರಿಗೆ? ಹೊಟ್ಟೆ ತುಂಬಿದ ಮೇಲೆ ತಾನೇ ನುಂಗಿದ್ದು. ನಾನು ಹೇಳಿದ ಹಾಗೇ ಆಗಿದೆಯಲ್ಲ,” ಅಂದಳು.

ಇಂಥವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಅಪ್ಪ ಅಂತೂ ಪ್ರಯತ್ನವನ್ನೇ ಬಿಟ್ಟಿದ್ದರು. ಪಾತ್ರೆ ಬರಿದಾದ ದಿನ ಮೊಸರನ್ನ ಕಲಸಿಕೊಳ್ಳುತ್ತಾ, “ನಾವೂ ಮೆಟ್ಲು ಮೇಲೆ ಕೂತ್ರೆ ಸಾರು ಸಿಗುತ್ತೆ ಕಣೇ, ಒಳಗಡೆ ಕೂತ್ರೆ ಸಿಗಲ್ಲ,” ಎಂದು ನನ್ನ ಕಡೆ ನೋಡಿ ನಗುತ್ತಿದ್ದರು. ಅಪ್ಪನಿಗೆ ನಗು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಆಗಲೂ ಈಗಲೂ.

ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನನಗಿಷ್ಟವಾದ ಅವರೆಕಾಳು ಸಾರು ಯಾರದೋ ಮಾತ್ರೆಗೆ ಖರ್ಚಾಗಿತ್ತು. ಅಮ್ಮನಿಗೆ ಬುದ್ಧಿ ಕಲಿಸಬೇಕೆಂದು ಉಪವಾಸ ಕೂರುವ ತೀರ್ಮಾನ ಮಾಡಿದೆ. ಮಾರನೇ ದಿನ ಮಧ್ಯಾಹ್ನ ಸ್ಕೂಲಿನಿಂದ ಮನೆಗೆ ಬಂದವಳು, ಗೆಳತಿಯ ಮನೆಯಲ್ಲಿ ಊಟ ಆಯ್ತು ಎಂದೆ.

“ಏನ್ ಸಾರು?”

ನಾನು ತಯಾರಾಗಿಯೇ ಬಂದಿದ್ದೆ. “ಬೇಳೆ ಸಾರು, ಹಪ್ಪಳ.”

ಅಮ್ಮ ಬಟ್ಟೆ ಮಡಚುತ್ತಿದ್ದಳು, ತಲೆ ಕೂಡ ಎತ್ತಲಿಲ್ಲ. “ಇವತ್ತು ಕಾರ್ತಿಕ ಸೋಮವಾರ. ಅವರ ಮನೇಲಿ ಸಾಯಂಕಾಲ ದೇವಸ್ಥಾನಕ್ಕೆ ಹೋಗಿ ಬರೋವರೆಗೂ ಒಲೆ ಹಚ್ಚಲ್ಲ. ಕೈ ತೊಳ್ಕೊಂಡ್ ಬಾ.”

ಆವತ್ತು ಅವಳು ಪುನಃ ಅವರೆಕಾಳು ಸಾರೇ ಮಾಡಿದ್ದಳು. ನಾನು ಅಳುತ್ತಲೇ ಉಂಡೆ. ಈ ಹೆಂಗಸಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ ಎಂಬುದು ಅಂದೇ ಖಾತ್ರಿಯಾಯಿತು. ಅವಳು ನನಗೆ ಸುಳ್ಳು ಹೇಳಬಹುದು ಎಂಬುದು ಮಾತ್ರ ಯಾವತ್ತೂ ತಲೆಗೆ ಹೊಳೆಯಲಿಲ್ಲ.

ಅಪ್ಪ ತೀರಿಕೊಂಡ ಮೇಲೂ ಅಮ್ಮ ಮೂಡಲಪಾಳ್ಯ ಬಿಡಲಿಲ್ಲ. ನಾನು ಮದುವೆಯಾಗಿ ಕೆಂಗೇರಿಯಲ್ಲಿದ್ದೆ, ಜ್ಞಾನಭಾರತಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಬಂದು ನಮ್ಮ ಜೊತೆ ಇರು ಎಂದರೆ, “ನಿಮ್ಮ ಅಪಾರ್ಟ್‌ಮೆಂಟಲ್ಲಿ ಮೆಟ್ಲೇ ಇಲ್ವಲ್ಲೇ, ಲಿಫ್ಟಲ್ಲಿ ಜನ ಎಲ್ಲಿ ಕೂರ್ತಾರೆ,” ಅನ್ನುತ್ತಿದ್ದಳು. ನರ್ಸಿಂಗ್ ಹೋಮಿನ ಕೆಲಸ ಬಿಟ್ಟಿದ್ದರೂ ಮೆಟ್ಟಿಲ ಕೆಲಸ ಬಿಟ್ಟಿರಲಿಲ್ಲ. ಹಾಗಾಗಿ ನಾನು ದಿನಾ ಮಧ್ಯಾಹ್ನ ಒಂದೂವರೆಗೆ, ನನ್ನ ಡಬ್ಬಿ ತೆರೆಯುವ ಮೊದಲು, ಅವಳಿಗೆ ಫೋನ್ ಮಾಡುತ್ತಿದ್ದೆ. ಊಟ ಆಯ್ತಾ, ಆಯ್ತು, ಏನ್ ಸಾರು. ಅವಳ ಪ್ರಶ್ನೆಯನ್ನು ಅವಳಿಗೇ ಹಿಂದಿರುಗಿಸುವುದರಲ್ಲಿ ನನಗೊಂದು ಖುಷಿಯಿತ್ತು.

ಮೇಲಿನ ಮನೆಗೆ ಆ ವರ್ಷ ವಿಜಯಪುರದ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಗಂಡ ಬೈಕಿನಲ್ಲಿ ಊಟದ ಪಾರ್ಸೆಲ್ ಹಂಚುವವನು, ಹೆಂಡತಿ ಗಾರ್ಮೆಂಟ್ಸಿಗೆ ಹೋಗುವವಳು. ಬಂದ ಮಾರನೇ ದಿನವೇ ಅಮ್ಮ ಅವಳನ್ನು ಮೆಟ್ಟಿಲ ಮೇಲೆ ಹಿಡಿದು ಏನ್ ಸಾರು ಎಂದು ಕೇಳಿದ್ದಾಳೆ. ಅವಳು ಮಿಕಿಮಿಕಿ ನೋಡಿದ್ದಾಳೆ. ಹುಡುಗಿ ಹಸಿದಿದ್ದಾಳೆ ಎಂದು ತಿಳಿದ ಅಮ್ಮ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತಟ್ಟೆ ಇಟ್ಟೇಬಿಟ್ಟಳಂತೆ. ಅವಳು ಕೂತು ಸಾವಕಾಶವಾಗಿ ಹೇಳಿದಳಂತೆ, “ನಂದು ಊಟ ಆಗೇತ್ರಿ ಅಮ್ಮಾರ. ನಮ್ಮ ಕಡೆ ಸಾರ್ ಕೇಳಂಗಿಲ್ರಿ. ಏನ್ ಪಲ್ಯ ಅಂತ ಕೇಳ್ತಾರ್ರಿ.”

ನಲವತ್ತು ವರ್ಷದಲ್ಲಿ ಅಮ್ಮನ ಪ್ರಶ್ನೆ ತಪ್ಪಿದ್ದು ಅದೊಂದೇ ಸಲ ಇರಬೇಕು. ಈ ಕಥೆಯನ್ನು ಅವಳು ನನಗೆ ಫೋನಿನಲ್ಲಿ ನಕ್ಕು ನಕ್ಕು ಹೇಳಿದಳು. ಆವತ್ತಿನಿಂದ ಆ ಹುಡುಗಿಗೆ ಮಾತ್ರ ಪ್ರಶ್ನೆ ಬದಲಾಯಿತು. ಏನ್ ಪಲ್ಯ? ಅವಳಿಗೆ ಮೊದಲು ಕಲಿಸಿದ ಅಡುಗೆ ಬಸ್ಸಾರು. ಸೊಪ್ಪು ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. “ನಿಮ್ಮ ಕಡೆಯವರು ಕೇಳಿದ್ರೂ ಉತ್ತರ ಇದೆ, ನಮ್ಮ ಕಡೆಯವರು ಕೇಳಿದ್ರೂ ಉತ್ತರ ಇದೆ, ಒಂದೇ ಪಾತ್ರೆ,” ಎಂದಳಂತೆ.

ಆ ಹುಡುಗಿ ಬಸುರಿಯಾದಳು. ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಯಾರು ಮಾಡುತ್ತಾರೆ ಎಂದು ಅವಳ ಗಂಡ ಕೆಳಗೆ ಬಂದು ತಲೆ ಕೆರೆದುಕೊಂಡು ನಿಂತಾಗ ಅಮ್ಮ, “ನೀನ್ ನಿನ್ನ ಕೆಲಸ ನೋಡ್ಕೊಪ್ಪಾ,” ಅಂದಳಂತೆ. ನಾನು ಫೋನಿನಲ್ಲಿ ಕೂಗಾಡಿದೆ. ನಿನಗೆ ಅರವತ್ತೈದು ದಾಟಿದೆ, ಎಣ್ಣೆ ನೀರು, ಮಗುವಿನ ಸ್ನಾನ ಎಂದು ಮೇಲಕ್ಕೂ ಕೆಳಕ್ಕೂ ಹತ್ತಿ ಇಳಿಯುತ್ತೀಯಾ, ಅವಳೇನು ನಿನ್ನ ಮಗಳಾ ಎಂದೆ. ಅಮ್ಮ ಎಲ್ಲ ಕೇಳಿಸಿಕೊಂಡು, “ನಿನ್ನ ಡಬ್ಬಿ ಆರಿ ಹೋಗುತ್ತೆ, ಊಟ ಮಾಡು,” ಎಂದು ಫೋನ್ ಇಟ್ಟಳು.

ಅದೇ ದಿನಗಳಲ್ಲಿ ಅಮ್ಮ ಮುದ್ದೆ ಬಿಟ್ಟಳು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹುಟ್ಟಿದಾಗಿನಿಂದ ದಿನಕ್ಕೊಂದು ಮುದ್ದೆ ನುಂಗಿದ ಹೆಂಗಸು ಭಾನುವಾರ ನಾನು ಹೋದಾಗ ಅಂಬಲಿ ಕುಡಿಯುತ್ತಾ ಕೂತಿದ್ದಳು. ಯಾಕೆ ಎಂದರೆ, “ವಯಸ್ಸಾಯ್ತಲ್ಲ, ಅಂಬಲಿನೇ ಹಿತವಾಗಿರುತ್ತೆ,” ಅಂದಳು. ನಾನು ಒಪ್ಪಿದೆ. ಆಮೇಲಿನ ಭಾನುವಾರಗಳಲ್ಲಿ ನನಗೆ ಬಡಿಸಿ, ಎದುರಿಗೆ ಕೂತು ಮಾತಾಡುತ್ತಿದ್ದಳು, ನಂದು ಆಗ್ಲೇ ಆಯ್ತು ಅನ್ನುತ್ತಿದ್ದಳು. ರವಿಕೆ ತೋಳು ಸಡಿಲವಾಗಿತ್ತು. ಶುಗರ್ ಬಾರದ ಹಾಗೆ ಅನ್ನ ಕಮ್ಮಿ ಮಾಡಿದೀನಿ, ದಿನಾ ಅತ್ತಿಗುಪ್ಪೆ ಮೆಟ್ರೋವರೆಗೂ ನಡೀತೀನಿ ಎಂದಳು. ಅದನ್ನೂ ಒಪ್ಪಿದೆ. ನನ್ನ ಸ್ನೇಹಿತೆಯರ ಮುಂದೆ, ನಮ್ಮಮ್ಮ ಈ ವಯಸ್ಸಲ್ಲಿ ಎಷ್ಟು ಫಿಟ್ ಎಂದು ಹೇಳಿಕೊಂಡು ತಿರುಗಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ನನ್ನ ಸಮಾಧಾನಕ್ಕೆ ಕಾರಣ ಆ ಒಂದೂವರೆಯ ಫೋನು. ದಿನಾ ಕೇಳುತ್ತಿದ್ದೆ, ದಿನಾ ಉತ್ತರ ಬರುತ್ತಿತ್ತು, ಒಂದು ಕ್ಷಣವೂ ತಡೆಯದೆ. ಸಬ್ಬಸಿಗೆ ಸೊಪ್ಪಿನ ಬಸ್ಸಾರು, ಖಾರ ಕಮ್ಮಿ ಹಾಕ್ದೆ. ಮೊಳಕೆ ಹುರುಳಿಕಾಳು. ಇವತ್ತು ಬರೀ ಮೆಣಸಿನ ಸಾರು ಕಣೇ, ಬೆಳ್ಳುಳ್ಳಿ ಜಾಸ್ತಿ ಹಾಕಿ. ಇಷ್ಟು ಬಿಡಿಸಿ ಹೇಳುವವಳು ಉಂಡಿಲ್ಲ ಎಂದು ಯಾರು ತಾನೇ ಅನುಮಾನಪಡುತ್ತಾರೆ. ಅವಳೇ ಕಲಿಸಿದ ಪರೀಕ್ಷೆಯಲ್ಲಿ ಅವಳು ದಿನಾ ಪಾಸಾಗುತ್ತಿದ್ದಳು.

ಮಗು ಹುಟ್ಟಿ ಎರಡು ತಿಂಗಳು ಕಳೆದಿರಬೇಕು. ಒಂದು ಬುಧವಾರ ನಮ್ಮ ಕಚೇರಿಗೆ ಇದ್ದಕ್ಕಿದ್ದಂತೆ ಮಧ್ಯಾಹ್ನದಿಂದ ರಜೆ ಕೊಟ್ಟರು. ಹೇಳದೆ ಹೋಗಿ ಅಮ್ಮನಿಗೆ ಚಮಕ್ ಕೊಡೋಣ ಎಂದು ಮೂಡಲಪಾಳ್ಯಕ್ಕೆ ಹೋದೆ. ಗೇಟಿನ ಹತ್ತಿರ ನಿಂತಾಗ ಸರಿಯಾಗಿ ಒಂದೂವರೆ. ತಮಾಷೆಗೆ ಅಲ್ಲಿಂದಲೇ ಫೋನ್ ಮಾಡಿದೆ.

“ಊಟ ಆಯ್ತಾ?”

“ಆಯ್ತು.”

ಅವಳ ದನಿ ಫೋನಿನಲ್ಲೂ ಕೇಳಿಸಿತು, ನನ್ನ ತಲೆಯ ಮೇಲಿನಿಂದಲೂ ಕೇಳಿಸಿತು. ಅಮ್ಮ ಮಹಡಿಯ ಮನೆಯಲ್ಲಿದ್ದಳು. ನಾನು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುತ್ತಾ ಕೇಳಿದೆ.

“ಏನ್ ಸಾರು?”

“ಸಬ್ಬಸಿಗೆ ಸೊಪ್ಪಿನ ಬಸ್ಸಾರು, ಅಲಸಂದೆ ಕಾಳು ಹಾಕಿ.”

ಆ ಮಾತು ಮುಗಿಯುವಾಗ ನಾನು ಬಾಗಿಲಲ್ಲಿದ್ದೆ. ಬಾಣಂತಿ ನೆಲದ ಮೇಲೆ ಕೂತು ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಅದೇ ಬಸ್ಸಾರು, ಅದೇ ಪಲ್ಯ. ಅಮ್ಮನ ತೊಡೆಯ ಮೇಲೆ ಮಗು, ಪಕ್ಕದಲ್ಲಿ ಖಾಲಿಯಾದ ಅಮ್ಮನ ಸಾರಿನ ಪಾತ್ರೆ. ಅವಳ ಕೈಯಲ್ಲಿ ಒಂದು ಲೋಟ ತಿಳಿ ಮಜ್ಜಿಗೆ. ನನ್ನನ್ನು ಇನ್ನೂ ನೋಡಿರಲಿಲ್ಲ. ಫೋನ್ ಕೆಳಗಿಟ್ಟು ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು. ಕತ್ತು ಸ್ವಲ್ಪ ಮುಂದಕ್ಕೆ ಚಾಚಿ, ಆ ಗುಟುಕು ಇಳಿಯುವವರೆಗೂ ಕಾದಳು. ಮಜ್ಜಿಗೆಯ ಒಂದು ಗುಟುಕಿಗೆ ಅಷ್ಟು ಹೊತ್ತು ಕಾಯುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಬಸ್ಸಾರು ಯಾರ ಹೊಟ್ಟೇಲಿದೆ?” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅಮ್ಮ ಕಣ್ಣು ಬಿಟ್ಟು ನೋಡಿದಳು. ಗಾಬರಿಯಾಗಲಿಲ್ಲ. “ನೀನು ಏನ್ ಸಾರು ಅಂತ ಕೇಳ್ದೆ. ನಾನು ಸಾರಿನ ಹೆಸರು ಹೇಳ್ದೆ. ಸುಳ್ಳು ಎಲ್ಲಿ ಹೇಳ್ದೆ?”

“ಊಟ ಆಯ್ತು ಅಂದೆಯಲ್ಲ.”

“ಅವಳದ್ದು ಆಯ್ತಲ್ಲ,” ಅಂದಳು.

ಬಾಣಂತಿಯ ಕೈ ತಟ್ಟೆಯಲ್ಲೇ ನಿಂತಿತ್ತು. “ದಿನಾ ಉಂಡೇ ಬಂದೀನಿ ಅಂತಿದ್ರಲ್ಲಾ ಅಮ್ಮಾರ,” ಎಂದು ಅಳುವ ಹಾಗೆ ಹೇಳಿದಳು. ಅಮ್ಮ ಅವಳಿಗೆ, “ನೀನು ಉಣ್ಣು, ಹಾಲು ಕಮ್ಮಿ ಆಗುತ್ತೆ,” ಎಂದು ಗದರಿದಳು.

ಕೆಳಗೆ ಬಂದ ಮೇಲೆ ಅಮ್ಮ ಎಲ್ಲವನ್ನೂ ರೋಗಿಯ ಚೀಟಿ ಓದುವ ಹಾಗೆ ಹೇಳಿದಳು. ಮೊದಲು ಮುದ್ದೆ ಇಳಿಯುತ್ತಿರಲಿಲ್ಲ, ಆಮೇಲೆ ಅನ್ನ, ಈಗ ಒಂದು ವಾರದಿಂದ ಗಂಜಿಯೂ ಕಷ್ಟ. ನರ್ಸಿಂಗ್ ಹೋಮಿನಲ್ಲಿ ಇಂಥವರನ್ನು ನೋಡಿದ್ದಾಳೆ, ಇದೇನು ಎಂದು ಅವಳಿಗೆ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಮತ್ತೆ ಯಾಕೆ ಹೇಳಲಿಲ್ಲ ಎಂದು ನಾನು ಕಿರುಚಿದೆ. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು, “ಹೇಳಿದ್ರೆ ನೀನು ಅವತ್ತೇ ಎತ್ಕೊಂಡ್ ಹೋಗಿ ಆಸ್ಪತ್ರೆಗೆ ಹಾಕ್ತಿದ್ದೆ. ಆ ಹುಡುಗಿಗೆ ಆಗ ಎಂಟು ತಿಂಗಳು. ಬಾಣಂತನ ಯಾರ್ ಮಾಡ್ತಿದ್ರು? ಇನ್ನು ಹದಿನೈದು ದಿನ ಇದ್ದಿದ್ರೆ ಮಗೂಗೆ ಮೂರು ತಿಂಗಳು ತುಂಬ್ತಿತ್ತು, ನಾನೇ ಹೇಳ್ತಿದ್ದೆ.”

ನನಗೆ ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಅವಳ ಕಾಲು ಹಿಡಿಯಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಆಟೋ ಹಿಡಿದೆ.

ಅನ್ನನಾಳದಲ್ಲಿ ಗಡ್ಡೆ ಎಂದರು. ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯರು, ಹೇಳೋದು ಕಷ್ಟ ಎಂದರು. ಆ ಪ್ರಶ್ನೆಯನ್ನು ನಾನು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಅಮ್ಮ ಕೇಳಿಕೊಳ್ಳಲಿಲ್ಲ. ಹೊಟ್ಟೆಯ ಪಕ್ಕದಲ್ಲಿ ಟ್ಯೂಬ್ ಹಾಕಿದರು, ಇನ್ನು ಮುಂದೆ ಊಟ ಅದರಲ್ಲೇ. ಟ್ಯೂಬನ್ನು ಹೇಗೆ ನೀರು ಹಾಕಿ ತೊಳೆಯಬೇಕು, ಎಷ್ಟು ಎತ್ತರಕ್ಕೆ ಹಿಡಿಯಬೇಕು ಎಂದು ನನಗೆ ಕಲಿಸಿದವಳು ಅಮ್ಮನೇ, ಮಲಗಿದ್ದಲ್ಲಿಂದಲೇ. ನನ್ನ ಕೈ ನಡುಗಿದರೆ, “ಇಂಜೆಕ್ಷನ್ ಕೊಡೋವಾಗ ನಾನು ನಡುಗಿದ್ದು ನೋಡಿದೀಯಾ?” ಎಂದು ಬೈದಳು.

ಬೇಳೆ ಕಟ್ಟು, ಸೊಪ್ಪಿನ ಕಟ್ಟು, ತೆಳ್ಳಗೆ ಶೋಧಿಸಿದ ಗಂಜಿ. ಮೊದಲ ದಿನ ನಾನು ಮಾತಿಲ್ಲದೆ ಸುರಿಯುತ್ತಿದ್ದೆ. ಅಮ್ಮ ಕೈ ಹಿಡಿದು ನಿಲ್ಲಿಸಿದಳು.

“ಏನ್ ಸಾರು?”

“ಏನು?”

“ಬಾಯಿಗೆ ಬರ್ತಿಲ್ಲ, ರುಚಿ ಗೊತ್ತಾಗಲ್ಲ. ನೀನೇ ಹೇಳ್ಬೇಕು. ಏನ್ ಸಾರು?”

ಆವತ್ತಿನಿಂದ ಪ್ರತಿ ಸಲವೂ ಹೇಳಿದೆ. ತೊಗರಿಬೇಳೆ ಕಟ್ಟು ಅಮ್ಮ, ಒಂದು ಟೊಮೇಟೊ ಹಾಕಿದೀನಿ. ದಂಟಿನ ಸೊಪ್ಪು ಬಸಿದದ್ದು ಅಮ್ಮ. ಅವಳು ಕಣ್ಣು ಮುಚ್ಚಿಕೊಂಡು ಹೂಂ ಅನ್ನುತ್ತಿದ್ದಳು. ಒಮ್ಮೊಮ್ಮೆ, ಹುಣಸೆಹಣ್ಣು ಜಾಸ್ತಿ ಆಗಿದೆ ಎಂದು ತಮಾಷೆ ಮಾಡುತ್ತಿದ್ದಳು. ಪಕ್ಕದ ಹಾಸಿಗೆಯವರ ಜೊತೆಗೆ ಬಂದವರಿಗೆಲ್ಲ ಊಟ ಆಯ್ತಾ ಎಂದು ಅಲ್ಲಿಂದಲೇ ವಿಚಾರಿಸುತ್ತಿದ್ದಳು, ಸಾರಿನ ಹೆಸರು ಬಾರದವರನ್ನು ತೋರಿಸಿ ನನ್ನ ಡಬ್ಬಿ ಕೊಡಿಸುತ್ತಿದ್ದಳು. ಅವಳಿಗೆ ಬಾಯಲ್ಲಿ ಒಂದು ಹನಿ ಇಳಿಯುತ್ತಿರಲಿಲ್ಲ. ಉಣ್ಣುವವರನ್ನು ನೋಡಿದರೆ ಅವಳ ಮುಖದಲ್ಲಿ ಆಸೆ ಕಾಣಬಹುದೇನೋ ಎಂದು ನಾನು ಎಷ್ಟೋ ಸಲ ಕದ್ದು ನೋಡಿದೆ. ಕಂಡದ್ದು ಬರೀ ತೃಪ್ತಿ. ಅದು ಎಲ್ಲಿಂದ ಬರುತ್ತಿತ್ತು, ನನಗೆ ಗೊತ್ತಿಲ್ಲ. ನನ್ನಲ್ಲಿ ಅದು ಇಲ್ಲ, ಹುಡುಕಿ ನೋಡಿದ್ದೇನೆ.

ಎಂಟು ತಿಂಗಳು ಇದ್ದಳು. ಕೊನೆಯ ಎರಡು ತಿಂಗಳು ಮೂಡಲಪಾಳ್ಯದ ಮನೆಯಲ್ಲೇ, ಅವಳ ಇಷ್ಟದಂತೆ. ಒಂದು ಬೆಳಗ್ಗೆ ನಾನು ರಾಗಿ ಗಂಜಿ ಶೋಧಿಸಿ ತಂದು, ಅಮ್ಮ, ರಾಗಿ ಗಂಜಿ ಎಂದೆ. ಹೂಂ ಅನ್ನಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀದಿಯ ಮನೆಗಳಿಂದ ಊಟ ಬಂತು, ಎಷ್ಟು ಬಂತೆಂದರೆ ಪಾತ್ರೆ ಇಡಲು ಜಾಗವಿಲ್ಲದೆ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಬಂದವರೆಲ್ಲ ಒಂದೇ ಮಾತು ಬೇರೆ ಬೇರೆ ಥರ ಹೇಳುತ್ತಿದ್ದರು. ನನಗೆ ಹುಳಿ ಸಾರು ಅನ್ನೋವಷ್ಟರಲ್ಲಿ ಸೂಜಿ ಚುಚ್ಚಿಬಿಟ್ಟಿದ್ರು. ನಾನು ಸಾರಿನ ಹೆಸರು ಹೇಳಕ್ಕಾಗ್ದೆ ಸಿಕ್ಕಾಕ್ಕೊಂಡೆ. ನಡುವಯಸ್ಸಿನ ಒಬ್ಬ ಆಟೋ ಡ್ರೈವರ್ ಮಾತ್ರೆಯ ಕಥೆ ಹೇಳಿದರು. ಬೆಂಗಳೂರಿಗೆ ಬಂದ ಹೊಸದರಲ್ಲಿ ಆರು ತಿಂಗಳು ಆ ಪವರ್ ಮಾತ್ರೆ ನುಂಗಿದ್ದರಂತೆ. “ಅಂಥ ಮಾತ್ರೆ ಈಗ ಯಾವ ಮೆಡಿಕಲ್‌ನಲ್ಲೂ ಸಿಗಲ್ಲ ಬಿಡಿ ಮೇಡಂ,” ಅಂದರು. ಅವರಿಗೆ ನಿಜ ಹೇಳುವ ಮನಸ್ಸಾಗಲಿಲ್ಲ. ಎಷ್ಟು ಜನ ಎಂದು ಎಣಿಸುವುದನ್ನು ನಾನು ಬಿಟ್ಟೆ. ಚಿಕ್ಕವಳಿದ್ದಾಗ ನನ್ನ ಪಾಲು ಇವರಿಗೆ ಹೋಯಿತೆಂದು ಹೊಟ್ಟೆಕಿಚ್ಚು ಪಟ್ಟಿದ್ದೆನಲ್ಲ, ಇವರನ್ನೆಲ್ಲ ಒಟ್ಟಿಗೆ ನೋಡಿದಾಗ ಒಬ್ಬ ಹೆಂಗಸಿನಿಂದ ಇದು ಹೇಗೆ ಸಾಧ್ಯವಾಯಿತು ಎಂದು ಮೈ ಜುಮ್ಮೆಂದಿತು.

ಮಾರನೇ ದಿನ ಮಧ್ಯಾಹ್ನ ಬಂದವರೆಲ್ಲ ಹೋಗಿದ್ದರು. ನಾನು ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದೆ. ಮೇಲಿನ ಮನೆಯ ಹುಡುಗಿ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಮುಚ್ಚಿದ ತಟ್ಟೆ.

“ಊಟ ಆತೇನ್ರಿ ಅಕ್ಕಾರ?”

“ಆಯ್ತು,” ಅಂದೆ. ಹಿಂದಿನ ದಿನ ಬೆಳಗ್ಗೆಯಿಂದ ನಾನು ಏನನ್ನೂ ತಿಂದಿರಲಿಲ್ಲ. ತಿಂದರೂ ಇಳಿಯುವುದಿಲ್ಲ ಅನ್ನಿಸಿತ್ತು. ಅಮ್ಮನಿಗೆ ಇಳಿಯಲಿಲ್ಲವಲ್ಲ, ನನಗೂ ಬೇಡ ಎಂದು ಒಳಗೊಳಗೇ ಹಟವೂ ಇತ್ತು.

ಅವಳು ಹೋಗಲಿಲ್ಲ. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಪಲ್ಯ ಕೇಳುವ ಊರಿನವಳು ನಮ್ಮ ಮಾತಿನಲ್ಲಿ ಕೇಳಿದಳು.

“ಏನ್ ಸಾರು?”

ನಾನು ಬಾಯಿ ತೆರೆದೆ. ಮೆಟ್ಟಿಲ ಮೇಲೆ ಅಷ್ಟೊಂದು ಪಾತ್ರೆಗಳು ಬಂದಿದ್ದವು, ಯಾವುದರ ಹೆಸರು ಹೇಳಿದ್ದರೂ ನಡೆಯುತ್ತಿತ್ತು. ಒಂದೂ ನೆನಪಾಗಲಿಲ್ಲ. ಒಂದು ಕ್ಷಣ ತಡೆದೆ, ಅಷ್ಟೇ.

ಅವಳು ತಟ್ಟೆಯನ್ನು ನನ್ನ ಮುಂದಿಟ್ಟಳು. ಸೆರಗಿನ ತುದಿಯ ಗಂಟು ಬಿಚ್ಚಿ, ಅರಿಶಿನ ಬಣ್ಣದ ಒಂದು ಮಾತ್ರೆ ನನ್ನ ಅಂಗೈಗೆ ಹಾಕಿದಳು. “ಅಮ್ಮಾರು ನನಗ ಕೊಟ್ಟಿದ್ರಿ, ಇದೊಂದ್ ಉಳದೈತಿ. ಭಾಳ ಪವರ್ ಐತಂತ್ರಿ. ಬರೀ ಹೊಟ್ಟ್ಯಾಗ ನುಂಗಬಾರದಂತ. ಮಾತ್ರಿ ಸಲುವಾಗಿ ಎರಡು ತುತ್ತು ತಿನ್ರಿ.”

ಅವಳ ಮುಖ ನೋಡಿದೆ. ಅವಳು ಅದನ್ನು ಪೂರ್ತಿಯಾಗಿ ನಂಬಿದ್ದಳು.

ತಟ್ಟೆಯ ಮುಚ್ಚಳ ತೆಗೆದೆ. ಮುದ್ದೆ, ಪಕ್ಕದಲ್ಲಿ ಪಲ್ಯ, ಬಟ್ಟಲಲ್ಲಿ ಸಬ್ಬಸಿಗೆ ಸೊಪ್ಪಿನ ಬಸ್ಸಾರು. ಮಾತ್ರೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ಒಂದು ತುತ್ತು ಮುರಿದೆ. ಇಳಿಯಿತು. ಖಾರ ಸ್ವಲ್ಪ ಜಾಸ್ತಿಯಾಗಿತ್ತು, ಅವಳಿಗೆ ಹೇಳಲಿಲ್ಲ.